ರಿಸೀವರ್ ನಿಜಕ್ಕೂ ಕಿವುಡಾಗಿದೆಯೇ?

ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ಬಿಟ್‌ಎಕ್ಸ್ ವಿನ್ಯಾಸದಂತೆ ಮನೆಯಲ್ಲೇ ಟ್ರಾನ್ಸೀವರ್ (ಪ್ರಸಾರ, ಗ್ರಹಣ ಎರಡನ್ನೂ ಮಾಡುವ ರೇಡಿಯೊ ಸೆಟ್) ಕಟ್ಟಿದ ಹ್ಯಾಮ್ ರೇಡಿಯೊ ಹವ್ಯಾಸಿ ಹುಬ್ಬಳ್ಳಿಯಲ್ಲಿರಲಿ, ಗದಗದಲ್ಲಿರಲಿ, ಅವನ ಮೊದಲ ದೂರು ಸಾಮಾನ್ಯವಾಗಿ ಹೀಗಿರುತ್ತದೆ: ನಾನು ಆಡಿದ್ದು ಎದುರಿನವರಿಗೆ ಕೇಳಿಸುತ್ತದೆ, ಅವರು ಆಡಿದ್ದು ನನಗೆ ಕೇಳಿಸುವುದಿಲ್ಲ. ಆಗ ಆಡಿಯೊ ಆಂಪ್ಲಿಫೈಯರಿನ ಶಕ್ತಿ ಹೆಚ್ಚಿಸಲು ಹೊರಟರೆ ಸಂಕೇತದ ಜೊತೆಗೆ ಗದ್ದಲವೂ ಅಷ್ಟೇ ಏರುತ್ತದೆ. ರಿಸೀವರಿನ ಸಂವೇದನೆ, ಅಂದರೆ ಕ್ಷೀಣ ಸಂಕೇತವನ್ನು ಹಿಡಿಯುವ ಶಕ್ತಿ, ಧ್ವನಿಯ ಜೋರಿನಲ್ಲಿ ಇಲ್ಲ, ಗದ್ದಲದಿಂದ ಸಂಕೇತ ಎಷ್ಟು ಮೇಲೆ ನಿಲ್ಲುತ್ತದೆ ಎಂಬುದರಲ್ಲಿದೆ.

7 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ದೂರದ ಮಿಂಚುಗಳಿಂದಲೂ ಊರಿನ ವಿದ್ಯುತ್ ಉಪಕರಣಗಳಿಂದಲೂ ಆಂಟೆನಾಕ್ಕೆ ಬರುವ ಗದ್ದಲವು ಸುಸ್ಥಿತಿಯ ರಿಸೀವರಿನ ಒಳಗದ್ದಲಕ್ಕಿಂತ ಬಹಳ ಹೆಚ್ಚು. ಹಾಗಾಗಿ ಯಾವ ದುಬಾರಿ ಉಪಕರಣವೂ ಬೇಡದ ಒಂದು ಪರೀಕ್ಷೆಯುಂಟು. ಆಂಟೆನಾ ಕಳಚಿ ಆ ಜಾಗದಲ್ಲಿ 50 ಓಮ್‌ನ ರೆಸಿಸ್ಟರ್ ಹಾಕಿದಾಗ ಸ್ಪೀಕರಿನ ಸುಯ್ಲು ಸ್ಪಷ್ಟವಾಗಿ ತಗ್ಗಬೇಕು. ತಗ್ಗಿದರೆ ರಿಸೀವರ್ ಕಿವುಡಲ್ಲ, ಹೊರಗಿನ ಗದ್ದಲವೇ ಸಂಕೇತವನ್ನು ಮುಚ್ಚುತ್ತಿರಬಹುದು. ಮನೆಯ ಮೇನ್ ಸ್ವಿಚ್ ಆರಿಸಿ, ಸೆಟ್ಟನ್ನು ಬ್ಯಾಟರಿಯ ಮೇಲೆ ನಡೆಸಿ, ಎಲ್‌ಇಡಿ ಬಲ್ಬು, ಚಾರ್ಜರು, ಇನ್ವರ್ಟರುಗಳ ಮೇಲೆ ಅನುಮಾನ ಪಡಬೇಕು. ರೆಸಿಸ್ಟರ್ ಹಾಕಿದಾಗ ಸುಯ್ಲು ಏನೂ ಬದಲಾಗದಿದ್ದರೆ ದೋಷ ಒಳಗಿದೆ, ಅಥವಾ ಆಂಟೆನಾದ ಕೇಬಲ್ಲೇ ಎಲ್ಲೋ ಕಡಿದಿದೆ.

ಒಳಗೆ ಹುಡುಕುವಾಗ ಸ್ಪೀಕರಿನಿಂದ ಹಿಂದಕ್ಕೆ ಬರುವುದು ಒಳ್ಳೆಯದು. ಆಡಿಯೊ ಭಾಗ ಬೇಗ ತಿಳಿಯುತ್ತದೆ. ಸಂಕೇತದ ಆವರ್ತನವನ್ನು ಬದಲಿಸುವ ಡಯೋಡ್ ಮಿಕ್ಸರಿಗೆ ಆಸಿಲೇಟರಿನಿಂದ (ಸೆಟ್ಟಿನೊಳಗೆ ಸ್ಥಿರ ತರಂಗ ಹುಟ್ಟಿಸುವ ಭಾಗ) ಸಾಕಷ್ಟು ಬಲ ಸಿಗುತ್ತಿದೆಯೇ ಎಂದು ಆರ್‌ಎಫ್ ಪ್ರೋಬ್ (ರೇಡಿಯೊ ತರಂಗದ ವೋಲ್ಟೇಜ್ ಅಳೆಯುವ ಸಾಧನ) ಹಚ್ಚಿ ನೋಡಬೇಕು, ಏಕೆಂದರೆ ಆ ಬಲ ಕುಗ್ಗಿದಂತೆ ಮಿಕ್ಸರಿನ ನಷ್ಟ ಏರುತ್ತದೆ.

ಆದರೆ ಹೆಚ್ಚಿನ ತೊಂದರೆಗಳು ಆಂಟೆನಾ ಬದಿಯಲ್ಲೇ ಇರುತ್ತವೆ. ಬೇಕಾದ ಬ್ಯಾಂಡನ್ನಷ್ಟೇ ಒಳಬಿಡುವ ಬ್ಯಾಂಡ್‌ಪಾಸ್ ಫಿಲ್ಟರಿನ ಟ್ರಿಮರನ್ನು (ತಿರುಗಿಸಿ ಹೊಂದಿಸುವ ಪುಟ್ಟ ಕೆಪ್ಯಾಸಿಟರ್) ಒಂದು ಪೂರ್ತಿ ಸುತ್ತು ತಿರುಗಿಸಿದರೆ ಗದ್ದಲ ಎರಡು ಕಡೆ ಏರಬೇಕು. ಒಂದೇ ಕಡೆ ಏರಿದರೆ ಟ್ರಿಮರ್ ತನ್ನ ಮಿತಿಗೆ ಮುಟ್ಟಿದೆ ಎಂದರ್ಥ: ಗರಿಷ್ಠ ಕೆಪ್ಯಾಸಿಟನ್ಸಿನಲ್ಲಿ ಏರಿದ್ದರೆ ಕಾಯಿಲಿಗೆ ಸುತ್ತು ಸೇರಿಸಬೇಕು, ಕನಿಷ್ಠದಲ್ಲಿ ಏರಿದ್ದರೆ ಬಿಚ್ಚಬೇಕು. ಟೊರಾಯಿಡ್ (ಬಳೆಯಾಕಾರದ ತಿರುಳಿಗೆ ಸುತ್ತಿದ) ಕಾಯಿಲಿನ ತುದಿಗಳಲ್ಲಿ ತಂತಿಯ ಮೇಲಿನ ಎನಾಮೆಲ್ ಲೇಪ ಸರಿಯಾಗಿ ಕೆರೆಯದೆ ಬೆಸುಗೆ ಹಾಕಿದ್ದರೆ, ಬೆಸುಗೆ ಎಷ್ಟೇ ಹೊಳೆದರೂ ಸಂಪರ್ಕ ಇರುವುದಿಲ್ಲ. ಮಲ್ಟಿಮೀಟರ್ ಅದನ್ನು ಕೂಡಲೇ ತೋರಿಸುತ್ತದೆ.

ನನ್ನ ದೃಷ್ಟಿಯಲ್ಲಿ ಹೆಚ್ಚು ಗಮನ ಬೇಡುವುದು ರಿಲೇ, ಅಂದರೆ ಆಂಟೆನಾವನ್ನು ಪ್ರಸಾರಕ್ಕೂ ಗ್ರಹಣಕ್ಕೂ ಬದಲಿಸಿ ಕೊಡುವ ಸ್ವಿಚ್. ಪ್ರಸಾರದ ವಿದ್ಯುತ್ತು ದೊಡ್ಡದಾದ್ದರಿಂದ ಸಂಪರ್ಕದ ಮೇಲಿನ ತೆಳುವಾದ ಆಕ್ಸೈಡ್ ಪದರವನ್ನು ಭೇದಿಸಿ ಹೋಗುತ್ತದೆ, ಮೈಕ್ರೊವೋಲ್ಟಿನ ಸಂಕೇತಕ್ಕೆ ಆ ಶಕ್ತಿಯಿಲ್ಲ. ಮೈಕಿನ ಗುಂಡಿ ಒತ್ತಿ ಬಿಟ್ಟೊಡನೆ ಅಥವಾ ರಿಲೇಯ ಮೇಲೆ ಮೆಲ್ಲಗೆ ತಟ್ಟಿದೊಡನೆ ಕೇಳಿಕೆ ಸುಧಾರಿಸಿದರೆ ರಿಲೇ ಬದಲಿಸಬೇಕು.

ಧಾರವಾಡದ ಸುತ್ತಮುತ್ತಲಿನವರು ಇನ್ನೊಂದನ್ನೂ ನೋಡಬೇಕು. ಆಕಾಶವಾಣಿಯ 765 ಕಿಲೊಹರ್ಟ್ಸ್ ಮಧ್ಯಮ ತರಂಗ ಪ್ರಸಾರ ಹತ್ತಿರದ ಉದ್ದನೆಯ ಆಂಟೆನಾದಲ್ಲಿ ಬಲವಾಗಿ ಇಳಿದು, ರಿಸೀವರಿನ ಮೊದಲ ಟ್ರಾನ್ಸಿಸ್ಟರನ್ನು ಅದರ ಮಿತಿಮೀರಿ ತುಂಬಿಸಿ, ಕ್ಷೀಣ ಸಂಕೇತಗಳನ್ನು ಅಡಗಿಸಬಲ್ಲದು. ಆಂಟೆನಾಕ್ಕೆ 10 ಡೆಸಿಬೆಲ್‌ನ ಅಟೆನ್ಯುಯೇಟರ್ (ಬರುವುದನ್ನೆಲ್ಲ ತಗ್ಗಿಸುವ ಸಾಧನ) ಸೇರಿಸಿದಾಗ ಕೇಂದ್ರಗಳು ಮೊದಲಿಗಿಂತ ನಿಚ್ಚಳವಾಗಿ ಕೇಳಿಸತೊಡಗಿದರೆ ಕಾರಣ ಇದೇ. ಸುಮಾರು 2 ಮೆಗಾಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುವ ಹೈಪಾಸ್ ಫಿಲ್ಟರನ್ನು, ಪ್ರಸಾರದ ಶಕ್ತಿ ಅದರೊಳಗೆ ಹಾಯದಂತೆ, ರಿಲೇಗೂ ಬ್ಯಾಂಡ್‌ಪಾಸ್ ಫಿಲ್ಟರಿಗೂ ನಡುವೆ ಹಾಕಬೇಕು.