ನ್ಯೂಟ್ರಾನ್ ಹೆಚ್ಚಿದಷ್ಟೂ ನ್ಯೂಕ್ಲಿಯಸ್ ಗಟ್ಟಿಯೇ?

ಪ್ರಶ್ನೆ: ಸರ್, ನ್ಯೂಟ್ರಾನ್ ಅಂದರೆ ನ್ಯೂಕ್ಲಿಯಸ್ಸಿನ ಅಂಟು ಅಂತ ಕಲಿತಿದ್ದೇವೆ. ಹಾಗಾದರೆ ಹೆಚ್ಚು ಸೇರಿಸಿದಷ್ಟೂ ಅದು ಗಟ್ಟಿಯಾಗಬೇಕಲ್ಲ? (ಪ್ಲಸ್ ಟು ವಿದ್ಯಾರ್ಥಿನಿ, ಕುಂಬಳೆ)

ಉತ್ತರ: ಆಗುವುದಿಲ್ಲ. ಮಂಜೇಶ್ವರ, ಬದಿಯಡ್ಕ, ಕುಂಬಳೆ ಎಲ್ಲ ಕಡೆಯಿಂದಲೂ ವರ್ಷ ವರ್ಷ ಇದೇ ಪ್ರಶ್ನೆ. ಎಂಟ್ರೆನ್ಸ್ ಕೋಚಿಂಗ್ ನೋಟ್ಸಿನಲ್ಲಿ ಈ 'ಅಂಟು' ಬೇರೂರಿಬಿಟ್ಟಿದೆ. ಈ ಸಲ ಬುಡಸಮೇತ ಕಿತ್ತು ತೋರಿಸುತ್ತೇನೆ.

ಅಂಟು ಅಂದಮೇಲೆ ತನಗೆ ತಾನಾದರೂ ಅಂಟಬೇಡವೇ? ಎರಡು ನ್ಯೂಟ್ರಾನ್‌ಗಳಷ್ಟೇ ಇದ್ದರೆ ಅವು ಕೂಡಿ ನಿಲ್ಲುವುದೇ ಇಲ್ಲ. ಒಂದು ಪ್ರೋಟಾನ್, ಒಂದು ನ್ಯೂಟ್ರಾನ್ ಆದರೆ ನಿಲ್ಲುತ್ತವೆ, ಅದೇ ಡ್ಯೂಟೀರಿಯಂ. ಗಟ್ಟಿ ಸೆಳೆತ ಇರುವುದು ಆ ಜೋಡಿಯಲ್ಲಿ. ಮೇಲಾಗಿ ಒಂದೇ ಸ್ಥಿತಿಯಲ್ಲಿ ಒಂದೇ ಬಗೆಯ ಎರಡು ಕಣ ಇರಲಾರವು ಎನ್ನುವ ಪೌಲಿ ನಿಯಮ ನ್ಯೂಟ್ರಾನಿಗೂ ಉಂಟು. ಕೆಳಗಿನ ಶಕ್ತಿಮಟ್ಟಗಳು ತುಂಬಿದ ಮೇಲೆ ಬಂದದ್ದು ಮೇಲೆಯೇ ಇರಬೇಕು, ಮೇಲೆ ಹೋದಷ್ಟೂ ಹಿಡಿತ ಸಡಿಲ. ಪ್ರೋಟಾನಿನ ಕೆಳಮಟ್ಟ ಖಾಲಿಯಿದ್ದರೆ ಆ ನ್ಯೂಟ್ರಾನ್ ಎಲೆಕ್ಟ್ರಾನ್ ಹೊರಬಿಟ್ಟು (ಇದೇ ಬೀಟಾ ಕ್ಷಯ) ಪ್ರೋಟಾನಾಗಿ ಅಲ್ಲಿಗೆ ಇಳಿಯುತ್ತದೆ.

ಆಕ್ಸಿಜನ್ನನ್ನೇ ನೋಡಿ. 8 ಪ್ರೋಟಾನ್ ಜೊತೆ 8, 9 ಅಥವಾ 10 ನ್ಯೂಟ್ರಾನ್ ಇದ್ದರೆ ಸ್ಥಿರ. 11 ಆಯಿತೋ, ಅರ್ಧಾಯು (ಅರ್ಧದಷ್ಟು ನ್ಯೂಕ್ಲಿಯಸ್ ಕ್ಷಯಿಸಲು ಬೇಕಾದ ಸಮಯ) ಅರ್ಧ ನಿಮಿಷವೂ ಇಲ್ಲ. 16ಕ್ಕೆ, ಅಂದರೆ ಆಕ್ಸಿಜನ್-24ಕ್ಕೆ, ಹಿಡಿದಿಡುವ ಶಕ್ತಿ ಮುಗಿಯಿತು. "20 ಮ್ಯಾಜಿಕ್ ಸಂಖ್ಯೆ, ಅಂದರೆ ಮಟ್ಟಗಳು ಪೂರ್ತಿ ತುಂಬುವ ಸಂಖ್ಯೆ, ಅಲ್ಲವೇ ಸರ್, ಆಕ್ಸಿಜನ್-28 ಗಟ್ಟಿಯಿರಬೇಕಲ್ಲ?" ಎಂದು ಜಾಣರು ವಾದಿಸುತ್ತಾರೆ. ಒಳ್ಳೆಯ ವಾದವೇ. ಜಪಾನಿನ ರಿಕೆನ್ ಸಂಸ್ಥೆಯಲ್ಲಿ ಅದನ್ನು ಉಂಟುಮಾಡಿ ನೋಡಿದ ಫಲಿತಾಂಶ 2023ರಲ್ಲಿ ಬಂತು: ತಕ್ಷಣವೇ ನಾಲ್ಕು ನ್ಯೂಟ್ರಾನ್ ಉದುರಿ ಆಕ್ಸಿಜನ್-24 ಉಳಿಯಿತು. ನೀವು ಬಾಯಿಪಾಠ ಮಾಡಿದ 2, 8, 20, 28 ಸ್ಥಿರ ನ್ಯೂಕ್ಲಿಯಸ್‌ಗಳ ಆಸುಪಾಸಿನಲ್ಲಿ ಸರಿ. ನ್ಯೂಟ್ರಾನ್ ತೀರಾ ಹೆಚ್ಚಾದಲ್ಲಿ ಮಟ್ಟಗಳೇ ಸರಿದುಹೋಗುತ್ತವೆ, ಇಲ್ಲಿ 16 ಮ್ಯಾಜಿಕ್ ಆಗುತ್ತದೆ. ಒಂದೇ ಒಂದು ಪ್ರೋಟಾನ್ ಜಾಸ್ತಿ ಇರುವ ಫ್ಲೋರಿನ್ 22 ನ್ಯೂಟ್ರಾನ್‌ಗಳನ್ನು ಹಿಡಿದಿಡುತ್ತದೆ. ಈಗ ಹೇಳಿ, ಅಂಟು ಯಾರು?

ರಚನೆಯ ಮಾತಿಗೆ ಬಂದರೆ ನನಗೆ ಅತಿ ಪ್ರಿಯವಾದದ್ದು ಲಿಥಿಯಂ-11. 3 ಪ್ರೋಟಾನ್, 8 ನ್ಯೂಟ್ರಾನ್. 1985ರಲ್ಲಿ ತನಿಹಾತಾ ಮತ್ತು ಸಂಗಡಿಗರು ಬರ್ಕ್ಲಿಯಲ್ಲಿ ಅಳೆದಾಗ ಘನಮೂಲದ ಸೂತ್ರ (ತ್ರಿಜ್ಯ ಒಟ್ಟು ಕಣಸಂಖ್ಯೆಯ ಘನಮೂಲದಂತೆ ಬೆಳೆಯುತ್ತದೆ) ಹೇಳುವುದಕ್ಕಿಂತ ಅದು ಬಹಳ ದೊಡ್ಡದಿತ್ತು. ಒಳಗೆ ಲಿಥಿಯಂ-9ರ ಬಿಗಿಯಾದ ತಿರುಳು, ಉಳಿದೆರಡು ನ್ಯೂಟ್ರಾನ್ ಚಂದ್ರನ ಸುತ್ತಲಿನ ಪರಿವೇಷದಂತೆ ದೂರದವರೆಗೆ ಹರಡಿವೆ. ಸಾಮಾನ್ಯವಾಗಿ ಒಂದು ನ್ಯೂಟ್ರಾನ್ ಕೀಳಲು 8 ಎಂಇವಿ (ನ್ಯೂಕ್ಲಿಯಸ್ ಶಕ್ತಿಯನ್ನು ಅಳೆಯುವ ಮಾನ) ಆಸುಪಾಸು ಬೇಕು. ಇಲ್ಲಿ ಎರಡನ್ನೂ ಕೀಳಲು 0.4 ಕೂಡ ಬೇಡ. ಒಂದನ್ನು ತೆಗೆದರೆ ಇನ್ನೊಂದೂ ನಿಲ್ಲದು, ಲಿಥಿಯಂ-10 ಕಟ್ಟಿಕೊಳ್ಳುವುದೇ ಇಲ್ಲ. ಸೀಸ-208ರಂಥ ಭಾರದ ನ್ಯೂಕ್ಲಿಯಸ್‌ಗಳಲ್ಲಿ ಪರಿವೇಷವಿಲ್ಲ, ಹೊರಮೈಯಲ್ಲಿ ನ್ಯೂಟ್ರಾನಿನ ತೆಳು ಚರ್ಮವಿದೆ.

ಕೇಳದಿದ್ದರೂ ಇದನ್ನೂ ಹೇಳಿಬಿಡುತ್ತೇನೆ. ನಮ್ಮದೇ ಕೇರಳದ ತೆಂಕಣ ತೀರದಲ್ಲಿ, ಕೊಲ್ಲಂ ಬಳಿಯ ಚವರದ ಮೋನಸೈಟ್ ಮರಳಿನಲ್ಲಿ ಥೋರಿಯಂ-232 ಇದೆ: 90 ಪ್ರೋಟಾನ್, 142 ನ್ಯೂಟ್ರಾನ್. ಅದು ಕ್ಷಯಿಸುವುದು ನ್ಯೂಟ್ರಾನ್ ಅತಿಯಾಗಿ ಎಂದು ಬರೆಯಬೇಡಿ. ಪ್ರೋಟಾನ್‌ಗಳ ವಿಕರ್ಷಣೆಯಿಂದ ಅದು ಆಲ್ಫಾ ಕಣವನ್ನು ಬಿಡುತ್ತದೆ, ಅದೂ ಸುಮಾರು 1400 ಕೋಟಿ ವರ್ಷದ ಅರ್ಧಾಯುವಿನಲ್ಲಿ. ಆಲ್ಫಾ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಎಂದು ಸಮವಾಗಿ ಒಯ್ದಾಗ ಉಳಿದ ರೇಡಿಯಂ-228ರಲ್ಲಿ ನ್ಯೂಟ್ರಾನಿನ ಪಾಲು ಏರುತ್ತದೆ. ನ್ಯೂಟ್ರಾನ್ ಅತಿಯಾದ ತೊಂದರೆ ಶುರುವಾಗುವುದು ಅಲ್ಲಿ, ಆ ಸರಣಿಯ ಮುಂದಿನ ಎರಡು ಹೆಜ್ಜೆಗಳೂ ಬೀಟಾ ಕ್ಷಯವೇ.