ಗೇರುಹಣ್ಣಿನ ಬೀಜ ಹೊರಗೇಕೆ ನೇತಾಡುತ್ತದೆ?

ಪ್ರಶ್ನೆ: ಬೇರೆ ಹಣ್ಣುಗಳಲ್ಲಿ ಬೀಜ ಒಳಗಿರುತ್ತದೆ. ಗೇರುಹಣ್ಣಿನಲ್ಲಿ ಮಾತ್ರ ಕೆಳಗೆ, ಹೊರಗಡೆ ಇರುತ್ತದಲ್ಲ, ಯಾಕೆ?

ಉತ್ತರ: ಹಾಗೆ ನೇತಾಡುವುದು ಬೀಜವಲ್ಲ, ಹಣ್ಣು. ಅದರ ಮೇಲಿರುವ ರಸಭರಿತ ಭಾಗ ಹಣ್ಣೇ ಅಲ್ಲ, ಊದಿಕೊಂಡ ತೊಟ್ಟು!

ಹೂವಿನ ಅಂಡಾಶಯ ಬಲಿತು ಆಗುವುದು ಹಣ್ಣು, ಅದರೊಳಗಿನ ಅಂಡಕ ಬಲಿತು ಆಗುವುದು ಬೀಜ. ರುಚಿ, ರಸ, ಬಣ್ಣ ಯಾವುದೂ ಸಸ್ಯಶಾಸ್ತ್ರದ ಈ ಲೆಕ್ಕಕ್ಕೆ ಬರುವುದಿಲ್ಲ. ಗೇರಿನ ಎಳೆಯ ಗೊಂಚಲನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊದಲು ದಪ್ಪವಾಗುವುದು ಮೂತ್ರಪಿಂಡದ ಆಕಾರದ ಹಸಿರು ಕಾಯಿ. ಆಗ ತೊಟ್ಟು ಇನ್ನೂ ಕಡ್ಡಿಯಷ್ಟು ಸಪೂರ. ಕಾಯಿ ತನ್ನ ಪೂರ್ತಿ ಗಾತ್ರಕ್ಕೆ ಬಂದಮೇಲೆಯೇ ತೊಟ್ಟು ಉಬ್ಬಿ ಹಳದಿಗೋ ಕೆಂಪಿಗೋ ತಿರುಗುತ್ತದೆ.

ಗೇರು, ಮಾವು ಒಂದೇ ಕುಟುಂಬದ ಮರಗಳು. ಮಾವಿನಲ್ಲಿ ಅಂಡಾಶಯದ ಗೋಡೆ ಮೂರು ಪದರವಾಗಿ ಬೆಳೆಯುತ್ತದೆ: ಸಿಪ್ಪೆ, ತಿರುಳು, ಗಟ್ಟಿ ಗೊರಟು. ಗೇರಿನಲ್ಲಿ ತಿರುಳಾಗಬೇಕಿದ್ದ ನಡುವಿನ ಪದರದ ತುಂಬ ಚರ್ಮ ಸುಡುವ ಎಣ್ಣೆ. ಸಿಪ್ಪೆ ಸುಲಿಯುವವರ ಬೆರಳು ಸುಡುವುದು ಇದರಿಂದಲೇ. ಮಾವಿನ ಸೊನೆ ತಾಗಿ ತುಟಿ ಉರಿದದ್ದು ನೆನಪಿದ್ದರೆ ನೆಂಟಸ್ತನ ಹೊಸದೆನಿಸದು.

ಹಾಗಾದರೆ ಬೀಜ ಯಾವುದು? ಗೋಡಂಬಿ. ಮೇಲಿನ ತೆಳುವಾದ ಕಂದು ಹೊಟ್ಟು ಬೀಜದ ಕವಚ. ಇಡೀ ಗೋಡಂಬಿಯೊಂದನ್ನು ಉಗುರಿನಿಂದ ಮೆಲ್ಲಗೆ ಎರಡಾಗಿ ಬಿಡಿಸಿ. ಒಂದು ತುದಿಯಲ್ಲಿ ಪುಟ್ಟ ಮೊಳೆಯಂಥದ್ದು ಕಾಣುತ್ತದೆ. ಬೇರು, ಕಾಂಡ ಎರಡೂ ಅಲ್ಲಿಂದಲೇ ಹೊರಡಬೇಕು. ಅಕ್ಕಪಕ್ಕದ ಎರಡು ಬಿಳಿ ಹೋಳುಗಳು ಬೀಜದಳಗಳು, ಸಸಿಗೆಂದು ಕಟ್ಟಿಟ್ಟ ಬುತ್ತಿ. ಆ ಬುತ್ತಿಯನ್ನೇ ನಾವು ತಿನ್ನುವುದು.

ಅಂದರೆ ನಮ್ಮ ಭಾಷೆಯಲ್ಲಿ ಗೇರುಹಣ್ಣು ಎಂದರೆ ತೊಟ್ಟು, ಗೇರುಬೀಜ ಎಂದರೆ ಹಣ್ಣು. ಹೆಸರು ಬದಲಿಸಿ ಎನ್ನುತ್ತಿಲ್ಲ, ರೂಢಿಯ ಮಾತಿಗೆ ಸಸ್ಯಶಾಸ್ತ್ರದ ಅಪ್ಪಣೆ ಬೇಕಿಲ್ಲ.

ಇಂಥ ಹುಸಿ ಹಣ್ಣುಗಳು ಇನ್ನೂ ಇವೆ. ಸೇಬಿನಲ್ಲಿ ನಿಜವಾದ ಹಣ್ಣು ನಾವು ಎಸೆಯುವ ನಡುವಿನ ಗಟ್ಟಿ ಭಾಗ. ಸ್ಟ್ರಾಬೆರಿಯ ಮೈಮೇಲಿನ ಒಂದೊಂದು ಚುಕ್ಕಿಯೂ ಒಂದೊಂದು ಒಣ ಹಣ್ಣು, ಕೆಂಪು ತಿರುಳು ಹೂವಿನ ಪೀಠ. ಮೆಕ್ಕೆಜೋಳದ್ದು ಇದಕ್ಕೆ ತಿರುವುಮುರುವು. ನೋಡಲು ಬರೀ ಬೀಜ, ಆದರೆ ಹಣ್ಣಿನ ಗೋಡೆಯೂ ಬೀಜದ ಕವಚವೂ ಬಿಡಿಸಲಾಗದಂತೆ ಬೆಸೆದುಕೊಂಡಿರುವುದರಿಂದ ತೆನೆಯ ಒಂದೊಂದು ಕಾಳೂ ಒಂದು ಪೂರ್ತಿ ಹಣ್ಣು.