ಓರಲ್ ಸೆಕ್ಸ್‌ನಿಂದಲೂ ಸೋಂಕು ತಗಲುತ್ತದಾ?

ಪ್ರಶ್ನೆ: ನಾವಿಬ್ಬರೂ 30 ದಾಟಿದವರು. ಓರಲ್ ಸೆಕ್ಸ್ ಬಿಟ್ಟು ಮುಂದೆ ಹೋಗಿಲ್ಲ. ಆದರೂ ಲೈಂಗಿಕ ಸೋಂಕು ಬರಬಹುದಾ? ಇಬ್ಬರಿಗೂ ಯಾವ ತೊಂದರೆಯೂ ಕಾಣುತ್ತಿಲ್ಲ.

ಉತ್ತರ: ಬರಬಹುದು. ಗರ್ಭ ನಿಲ್ಲುವ ಭಯವಿಲ್ಲ ಅಂದಮೇಲೆ ಸೋಂಕಿನ ಭಯವೂ ಇಲ್ಲ ಅಂತ ಎಷ್ಟೋ ಜನ ನಂಬಿರುತ್ತಾರೆ. ಆದರೆ ಬಾಯಿ, ಗಂಟಲು, ಜನನಾಂಗಗಳ ಒಳಚರ್ಮ ತೆಳ್ಳಗೆ, ತೇವವಾಗಿ ಇರುತ್ತದೆ. ಸೋಂಕು ನೆಲೆಯೂರಲು ಅಷ್ಟು ಸಾಕು. ಬಾಯಿಂದ ಜನನಾಂಗಕ್ಕೂ ದಾಟುತ್ತದೆ, ಅಲ್ಲಿಂದ ಬಾಯಿಗೂ ಬರುತ್ತದೆ.

‘ತೊಂದರೆ ಕಾಣುತ್ತಿಲ್ಲ’ ಅಂದಿರಲ್ಲ, ನನಗೆ ಚಿಂತೆ ಅದೇ. ಗಂಟಲಿಗೆ ಗೊನೊರಿಯಾ ಅನ್ನುವ ಲೈಂಗಿಕ ಸೋಂಕು ಬಂದರೆ ಹೆಚ್ಚಿನವರಿಗೆ ಏನೂ ಅನ್ನಿಸುವುದಿಲ್ಲ. ಕೆಲವರಿಗೆ ಸ್ವಲ್ಪ ಗಂಟಲು ನೋವು, ಅಷ್ಟೇ. ಶೀತ ಇರಬೇಕು ಅಂತ ಉಪ್ಪುನೀರು ಮುಕ್ಕಳಿಸಿ ಸುಮ್ನಾಗುತ್ತಾರೆ. ಗಂಟಲಲ್ಲಿ ಕೂತ ಗೊನೊರಿಯಾ ಔಷಧಿಗೆ ಬೇಗ ಬಗ್ಗುವುದೂ ಇಲ್ಲ.

ಸಿಫಿಲಿಸ್ ಇನ್ನೂ ಮೋಸ ಮಾಡುತ್ತದೆ. ಸೋಂಕು ತಗಲಿ ಸುಮಾರು 3 ವಾರಕ್ಕೆ ತುಟಿ, ನಾಲಿಗೆ ಅಥವಾ ಜನನಾಂಗದ ಮೇಲೆ ಒಂದು ಹುಣ್ಣು ಏಳುತ್ತದೆ. ಮಾಮೂಲಿ ಬಾಯಿಹುಣ್ಣಿಗೆ ಖಾರ ತಾಗಿದರೆ ಜೀವ ಹೋಗುತ್ತದೆ ಅಲ್ವಾ? ಇದು ಸಾಮಾನ್ಯವಾಗಿ ನೋಯುವುದೇ ಇಲ್ಲ. ಅಂಚು ಗಟ್ಟಿಯಾಗಿರುತ್ತದೆ. 3ರಿಂದ 6 ವಾರದಲ್ಲಿ ತಾನಾಗಿಯೇ ಮಾಯುತ್ತದೆ. ಹುಣ್ಣು ಹೋಯಿತು, ರೋಗ ಒಳಗೇ ಉಳಿಯಿತು.

ತುಟಿಯಂಚಿನಲ್ಲಿ ನೀರುಗುಳ್ಳೆ ಏಳಿಸುವ ಹರ್ಪಿಸ್ ಜನನಾಂಗಕ್ಕೂ ಅಂಟುತ್ತದೆ. ಕೆಲವೊಮ್ಮೆ ಗುಳ್ಳೆ ಇಲ್ಲದಿದ್ದಾಗಲೂ. ಹೀಗೇ ಹರಡುವ ಎಚ್‌ಪಿವಿ ಅನ್ನುವ ವೈರಸ್ ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ. ವರ್ಷಗಟ್ಟಲೆ ಉಳಿದರೆ ಕೆಲವರಿಗೆ ಗಂಟಲಿನ ಕ್ಯಾನ್ಸರ್ ಆಗಬಹುದು. ಇದಕ್ಕೆ ಲಸಿಕೆ ಇದೆ, ಡಾಕ್ಟರ ಹತ್ತಿರ ಕೇಳಿ. ಎಚ್‌ಐವಿ ಹೀಗೆ ಹರಡುವ ಸಾಧ್ಯತೆ ಮಾತ್ರ ತುಂಬಾ ಕಡಿಮೆ. ಬಾಯಲ್ಲಿ ಹುಣ್ಣು, ವಸಡಿನಲ್ಲಿ ರಕ್ತ ಇದ್ದರೆ ಅಪಾಯ ಸ್ವಲ್ಪ ಜಾಸ್ತಿ.

ಹಾಗಂತ ಹೆದರಿ ಕೂರಬೇಡಿ. ಗಂಡಸರಿಗೆ ಕಾಂಡೋಮ್ ಇದೆ. ಹೆಂಗಸರಿಗಾದರೆ ಹೊಸ ಕಾಂಡೋಮ್ ಒಂದರ ತುದಿ, ಬುಡ ಎರಡನ್ನೂ ಕತ್ತರಿಸಿ, ಉದ್ದಕ್ಕೆ ಸೀಳಿ, ಹಾಳೆಯ ಹಾಗೆ ಬಿಡಿಸಿ ಬಾಯಿಗೂ ಜನನಾಂಗಕ್ಕೂ ಮಧ್ಯೆ ಹಿಡಿದುಕೊಳ್ಳಬಹುದು. ಸ್ವಚ್ಛವಾಗಿರಲಿ ಅಂತ ಅದೇ ಹೊತ್ತಿಗೆ ಹಲ್ಲುಜ್ಜಿ ಹೋಗಬೇಡಿ. ಬ್ರಷ್ ತಾಗಿ ವಸಡು ಗೀರಿರುತ್ತದೆ.

ಇಬ್ಬರೂ ಒಟ್ಟಿಗೇ ಪರೀಕ್ಷೆ ಮಾಡಿಸಿ. ಮೂತ್ರ ಪರೀಕ್ಷೆಯಲ್ಲಿ ಗಂಟಲಿನ ಸೋಂಕು ಸಿಗುವುದಿಲ್ಲ. ಗಂಟಲಿಗೆ ಹತ್ತಿಕಡ್ಡಿ ಹಾಕಿ ಒರೆಸಿ ಮಾದರಿ ತೆಗೆಯಬೇಕು. ನೀವು ಹೇಳದಿದ್ದರೆ ಅದನ್ನು ತೆಗೆಯದೇ ಬಿಡಬಹುದು. ಸಂಕೋಚವಾದರೆ ಇಷ್ಟೇ ಹೇಳಿ: ‘ಡಾಕ್ಟ್ರೇ, ಓರಲ್ ಸೆಕ್ಸ್ ಆಗಿದೆ, ಗಂಟಲನ್ನೂ ಪರೀಕ್ಷೆ ಮಾಡಿ.’